ಐಸ್ ಹಾಕಿ ಹುಡುಗರನ್ನು ಅಳೆಯುವ ಗೈಡ್: ಕೊಟ್ಟ ದುಡ್ಡಿಗೆ ಮೋಸವಿಲ್ಲ, ಗೋಲ್‌ಕೀಪರ್‌ಗಳಿಗೆ ಮಾತ್ರ ಅನ್ಯಾಯ

ಮಗನಿಗೆ 14 ತುಂಬಿತು. ಏನು ಬೇಕು ಅಂತ ಕೇಳಿದೆ. ಹೊಸ ಲೆಗ್ ಪ್ಯಾಡ್ ಕೇಳುತ್ತಾನೆ ಅಂತ ಹೆದರಿದ್ದೆ. ಅವನು ಗೋಲ್‌ಕೀಪರ್. ಅವನ ಸಾಮಾನಿಗೆ ಎಷ್ಟು ದುಡ್ಡು ಹೋಗುತ್ತದೆ ಅನ್ನೋದು ಹಾಕಿ ಆಡುವ ಮಕ್ಕಳ ಅಪ್ಪ ಅಮ್ಮಂದಿರಿಗೆ ಚೆನ್ನಾಗಿ ಗೊತ್ತು. ಅವನು ಕೇಳಿದ್ದು ಒಂದು ಪಿಡಿಎಫ್. 29 ಡಾಲರ್. ಆ ವರ್ಷ ಎನ್‌ಎಚ್‌ಎಲ್ (ಅಮೆರಿಕ, ಕೆನಡಾದ ದೊಡ್ಡ ಐಸ್ ಹಾಕಿ ಲೀಗ್) ಡ್ರಾಫ್ಟ್‌ಗೆ ಬರುವ ಹುಡುಗರ ಬಗ್ಗೆ ಮುನ್ನೂರಕ್ಕೂ ಹೆಚ್ಚು ಪುಟದ ಗೈಡ್. ಚಿಕ್ಕ ಗುಂಪೊಂದು ಊರೂರು ಸುತ್ತಿ, ಪಂದ್ಯ ನೋಡಿ ಬರೆಯುತ್ತದೆ. ಇಂಥ ಗೈಡ್‌ಗಳು ಹಲವಾರಿವೆ. ನಾವು ಕೊಂಡದ್ದು 2025ರದ್ದು. ಡ್ರಾಫ್ಟ್ ಮುಗಿದ ಮೇಲೂ ಅದನ್ನು ಮತ್ತೆ ಮತ್ತೆ ತಿರುವಿ ಹಾಕಿದ್ದೇನೆ. ಹಾಗಾಗಿ ಈಗ ಧೈರ್ಯವಾಗಿ ಬರೆಯಬಹುದು.

ನಾವಿರುವುದು ಕೆನಡಾದ ಬ್ರಾಂಪ್ಟನ್‌ನಲ್ಲಿ. ಮಿಸ್ಸಿಸಾಗಾದಲ್ಲಿದ್ದ ಸ್ಟೀಲ್‌ಹೆಡ್ಸ್ ಜೂನಿಯರ್ ತಂಡ 2024ರಲ್ಲಿ ನಮ್ಮ ಊರಿಗೆ ಬಂತು. ಆಗಿನಿಂದ ಮಗ ಸುಮ್ನೆ ಕೂತಿಲ್ಲ. ಆ ಚಳಿಗಾಲದಲ್ಲಿ ಎಷ್ಟೋ ಶುಕ್ರವಾರ ಆಫೀಸು ಮುಗಿಸಿ ನೇರ ರಿಂಕ್‌ಗೇ ಹೋಗಿದ್ದೇವೆ. ತಂಡದ ಕ್ಯಾಪ್ಟನ್ ಪೋರ್ಟರ್ ಮಾರ್ಟೋನ್, ಗೋಲ್‌ಕೀಪರ್ ಜ್ಯಾಕ್ ಇವಾಂಕೊವಿಚ್, ಇಬ್ಬರೂ ಆ ಸಲದ ಡ್ರಾಫ್ಟ್‌ಗೆ ಬರುವವರೇ. ಕಣ್ಣೆದುರು ಆಡುವ ಹುಡುಗರ ಬಗ್ಗೆ ತಿಳಿದವರು ಏನು ಬರೆದಿದ್ದಾರೆ ಅನ್ನುವ ಕುತೂಹಲ ಅವನಿಗಿಂತ ನನಗೇ ಜಾಸ್ತಿ ಇತ್ತು.

ಡ್ರಾಫ್ಟ್ ಅಂದರೆ ಏನು ಅಂತ ಊರಿನವರು ಫೋನಿನಲ್ಲಿ ಕೇಳುತ್ತಾರೆ. ಐಪಿಎಲ್ ಹರಾಜಿನ ಹಾಗೆ ಇಲ್ಲಿ ಕೂಗುವುದಿಲ್ಲ, ಬೆಲೆ ಏರುವುದಿಲ್ಲ. 32 ತಂಡಗಳು ಸರದಿಯ ಮೇಲೆ ಒಬ್ಬೊಬ್ಬ ಹುಡುಗನನ್ನು ಆರಿಸಿಕೊಳ್ಳುತ್ತವೆ. 7 ಸುತ್ತು, ಒಟ್ಟು 224 ಹೆಸರು. ಕೆಳಗೆ ಬಿದ್ದ ತಂಡಕ್ಕೆ ಮೊದಲ ಸರದಿ ಸಿಗುವ ಅವಕಾಶ ಹೆಚ್ಚು. ಅದಕ್ಕೂ ಒಂದು ಲಾಟರಿ ಇದೆ. 2025ರಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡಕ್ಕೆ ಆ ಲಾಟರಿ ಹೊಡೆಯುವ ಸಾಧ್ಯತೆ ಶೇ. 3.5 ಮಾತ್ರ. ಅವರಿಗೇ ಹೊಡೆಯಿತು.

ದುಡ್ಡು ಕೊಟ್ಟು ಯಾಕೆ ಕೊಳ್ಳಬೇಕು, ಪಟ್ಟಿ ಪುಕ್ಕಟೆ ಸಿಗುತ್ತದಲ್ಲ ಅಂತ ನಮ್ಮ ಮನೆಯವರು ಕೇಳಿದರು. ನ್ಯಾಯವಾದ ಪ್ರಶ್ನೆ. ಎನ್‌ಎಚ್‌ಎಲ್‌ನಲ್ಲಿ ಹುಡುಗರನ್ನು ಅಳೆಯುವ ಸೆಂಟ್ರಲ್ ಸ್ಕೌಟಿಂಗ್ ಅನ್ನುವ ವಿಭಾಗ ಪ್ರತಿ ವರ್ಷ ಪಟ್ಟಿ ಬಿಡುತ್ತದೆ, ಯಾರು ಬೇಕಾದರೂ ನೋಡಬಹುದು. ಆದರೆ ಅಲ್ಲಿ ಉತ್ತರ ಅಮೆರಿಕದಲ್ಲಿ ಆಡುವವರದ್ದೇ ಒಂದು ಪಟ್ಟಿ, ಹೊರಗಿನವರದ್ದೇ ಒಂದು. ಗೋಲ್‌ಕೀಪರ್‌ಗಳದ್ದು ಮತ್ತೆ ಬೇರೆ. 2025ರ ಕೊನೆಯ ಪಟ್ಟಿಯಲ್ಲಿ ಇಲ್ಲಿನವರಲ್ಲಿ ಮ್ಯಾಥ್ಯೂ ಶೇಫರ್ 1, ಮೈಕಲ್ ಮೀಸಾ 2. ಹೊರಗಿನವರಲ್ಲಿ ಸ್ವೀಡನ್ನಿನ ಆಂಟನ್ ಫ್ರಾಂಡೆಲ್ 1. ಸರಿ, ಮೀಸಾ ಮೇಲೋ ಫ್ರಾಂಡೆಲ್ ಮೇಲೋ? ಪಟ್ಟಿ ಹೇಳುವುದಿಲ್ಲ. ನಾವು ಕೊಂಡ ಗೈಡ್ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಯಾಕೆ ಹಾಗೆ ನಿಲ್ಲಿಸಿದೆವು ಅಂತಲೂ ಬರೆಯುತ್ತದೆ. ನನ್ನ ಮಟ್ಟಿಗೆ 29 ಡಾಲರ್ ಆ 'ಯಾಕೆ'ಗೆ.

ಪ್ರತಿ ಹುಡುಗನ ಪುಟದಲ್ಲೂ ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ ಹುಟ್ಟಿದ ದಿನ ಇರುತ್ತದೆ. ಎತ್ತರ, ತೂಕ, ಗೋಲು ಎಲ್ಲ ಅದರ ಕೆಳಗೆ. ಮೊದಲು ನನಗೆ ಇದು ವಿಚಿತ್ರ ಅನ್ನಿಸಿತು. ಅರ್ಥ ಮಾಡಿಸಿದ್ದು ನಮ್ಮಪ್ಪ. ತಿಪಟೂರಿನಿಂದ ಆರು ತಿಂಗಳಿಗೆ ಅಂತ ಬಂದಿದ್ದರು. ಮೊಮ್ಮಗನ ಜೊತೆ ಎರಡು ಪಂದ್ಯಕ್ಕೂ ಬಂದು, ಶಾಲು ಹೊದ್ದು ಕೂತು ನೋಡಿದ್ದರು. ಗೈಡ್ ತೋರಿಸಿದಾಗ ಅವರು ಹೇಳಿದರು, "ಸರಿಯಾಗೇ ಬರ್ದವ್ರಲ್ಲಮ್ಮ. ಸಿದ್ಧಗಂಗೆ ಜಾತ್ರೇಲಿ ಹೋರಿ ಕೊಳ್ಳೋನು ಮೊದಲು ಹಲ್ಲು ನೋಡಿ ವಯಸ್ಸು ತಿಳ್ಕೋತಾನೆ, ಆಮೇಲೆ ಮೈ ನೋಡ್ತಾನೆ. ಎರಡು ಹಲ್ಲಿನದು ನಾಲ್ಕು ಹಲ್ಲಿನದರ ಜೊತೆ ಸಮಕ್ಕೆ ನಿಂತರೆ ಅದರ ಬೆಲೆನೇ ಬೇರೆ."

ಮಕ್ಕಳನ್ನು ಹೋರಿಗೆ ಹೋಲಿಸುವುದು ನನಗೆ ಕಸಿವಿಸಿಯಾಯಿತು. ಆದರೆ ಲೆಕ್ಕ ಸರಿಯೇ. ನಮ್ಮ ಮಾರ್ಟೋನ್ ಹುಟ್ಟಿದ್ದು 2006ರ ಅಕ್ಟೋಬರ್ 26ಕ್ಕೆ. ಶೇಫರ್ ಹುಟ್ಟಿದ್ದು 2007ರ ಸೆಪ್ಟೆಂಬರ್ 5ಕ್ಕೆ. ಡ್ರಾಫ್ಟ್ ವರ್ಷದ ಸೆಪ್ಟೆಂಬರ್ 15ರೊಳಗೆ 18 ತುಂಬಬೇಕು ಅನ್ನುವುದು ನಿಯಮ. ಶೇಫರ್ ಇನ್ನು 11 ದಿನ ತಡವಾಗಿ ಹುಟ್ಟಿದ್ದರೆ 2026ರ ತನಕ ಕಾಯಬೇಕಿತ್ತು. ಇಬ್ಬರ ನಡುವೆ ಹತ್ತು ತಿಂಗಳಿಗೂ ಮೀರಿದ ಅಂತರ. ಹದಿನೇಳರ ವಯಸ್ಸಿನಲ್ಲಿ ಹತ್ತು ತಿಂಗಳು ಅಂದರೆ ಎಷ್ಟು ಅಂತ ಮನೆಯಲ್ಲಿ ಹುಡುಗರಿದ್ದವರಿಗೆ ಹೇಳಬೇಕಾಗಿಲ್ಲ. ನಮ್ಮವನು ಒಂದು ಬೇಸಿಗೆಯಲ್ಲಿ ಮೂರು ಸಲ ಶೂ ಬದಲಾಯಿಸಿದ.

ಈ ಗೈಡಿನ ನಿಜವಾದ ಬೆಲೆ ಗೊತ್ತಾಗುವುದು ಪಾಯಿಂಟ್‌ಗಳ ವಿಚಾರಕ್ಕೆ ಬಂದಾಗ. ಗೋಲು ಹೊಡೆದರೆ ಒಂದು ಪಾಯಿಂಟ್, ಗೋಲಿಗೆ ಪಾಸ್ ಕೊಟ್ಟರೂ ಒಂದು. ಆ ಸೀಸನ್‌ನಲ್ಲಿ ಮೀಸಾ ಸ್ಯಾಗಿನಾ ತಂಡಕ್ಕೆ 65 ಪಂದ್ಯಗಳಲ್ಲಿ 62 ಗೋಲು ಸೇರಿ 134 ಪಾಯಿಂಟ್ ಮಾಡಿದ. ಮಾರ್ಟೋನ್ 57 ಪಂದ್ಯಗಳಲ್ಲಿ 98. ಅಮೆರಿಕದ ಜೇಮ್ಸ್ ಹೇಗನ್ಸ್ ಬಾಸ್ಟನ್ ಕಾಲೇಜಿಗೆ 37 ಪಂದ್ಯಗಳಲ್ಲಿ 37. ಫ್ರಾಂಡೆಲ್ 29 ಪಂದ್ಯಗಳಲ್ಲಿ 25. ಶೇಫರ್ 17 ಪಂದ್ಯಗಳಲ್ಲಿ 22. ಸುಮ್ನೆ ಅಂಕಿ ನೋಡಿದವರು ಮೀಸಾ ಮುಂದೆ ಉಳಿದವರನ್ನು ಯಾಕೆ ನಿಲ್ಲಿಸುತ್ತೀರಿ ಅನ್ನುತ್ತಾರೆ. ನಾನೂ ಹಾಗೇ ಅಂದಿದ್ದೆ.

ಗೈಡ್ ಇಲ್ಲಿ ತಾಳ್ಮೆಯಿಂದ ಬಿಡಿಸಿ ಹೇಳುತ್ತದೆ. ಮೀಸಾ, ಮಾರ್ಟೋನ್ ಆಡಿದ್ದು ಒಂಟಾರಿಯೋ ಜೂನಿಯರ್ ಲೀಗಿನಲ್ಲಿ, ಹೆಚ್ಚು ಕಡಿಮೆ ತಮ್ಮ ವಯಸ್ಸಿನವರ ಎದುರು. ಹೇಗನ್ಸ್ ಎದುರಿಗಿದ್ದವರಲ್ಲಿ ಇಪ್ಪತ್ತೆರಡು, ಇಪ್ಪತ್ತಮೂರರ ಕಾಲೇಜು ಹುಡುಗರೂ ಇದ್ದರು. ಫ್ರಾಂಡೆಲ್ ಆಡಿದ್ದು ಸ್ವೀಡನ್ನಿನ ಎರಡನೇ ದರ್ಜೆಯ ಲೀಗಿನಲ್ಲಿ, ಯೂರ್ಗೋರ್ಡನ್ ತಂಡಕ್ಕೆ. ಅಲ್ಲಿ ಎದುರಿಗಿರುವವರು ಹಾಕಿಯಿಂದಲೇ ಸಂಸಾರ ಸಾಗಿಸುವ ಗಂಡಸರು. ಮೂವತ್ತರ ಗಂಡಸು ಗೋಡೆಗೆ ಒತ್ತಿ ಹಿಡಿದಾಗ ಪಕ್ (ಚೆಂಡಿನ ಬದಲಿಗೆ ಆಡುವ ರಬ್ಬರ್ ಬಿಲ್ಲೆ) ಉಳಿಸಿಕೊಂಡು ಬರುವ ಹದಿನೇಳರ ಹುಡುಗನ 25 ಪಾಯಿಂಟನ್ನು ಬೇರೆ ತಕ್ಕಡಿಯಲ್ಲೇ ತೂಗಬೇಕು. ಶೇಫರ್ ಅಂತೂ ಡಿಫೆನ್ಸ್ ಆಟಗಾರ. ಗೋಲು ತಡೆಯುವುದು ಅವನ ಮೊದಲ ಕೆಲಸ. ಅದರ ಮೇಲೆ 22 ಪಾಯಿಂಟ್.

ಆದರೂ 17 ಪಂದ್ಯ ಬಹಳ ಕಡಿಮೆ ಅಲ್ವಾ? 2024ರ ಡಿಸೆಂಬರ್‌ನಲ್ಲಿ ಒಟ್ಟಾವಾದಲ್ಲಿ ನಡೆದ ವಿಶ್ವ ಜೂನಿಯರ್ ಪಂದ್ಯಾವಳಿಯಲ್ಲಿ, ಲಾಟ್ವಿಯಾ ಎದುರಿನ ಪಂದ್ಯದಲ್ಲಿ, ಶೇಫರ್ ಗೋಲಿನ ಕಂಬಕ್ಕೆ ಬಡಿದು ಕಾಲರ್ ಬೋನ್ ಮುರಿದುಕೊಂಡ. ಅಲ್ಲಿಗೆ ಅವನ ಸೀಸನ್ ಮುಗಿಯಿತು. ಅವನ ಆಟವನ್ನು ನಾವು ನೇರವಾಗಿ ನೋಡಲೇ ಇಲ್ಲ. ಈ ವಿಷಯದಲ್ಲಿ ಗೈಡಿನ ಪ್ರಾಮಾಣಿಕತೆ ನನಗೆ ತುಂಬ ಹಿಡಿಸಿತು. ಪ್ರತಿ ವರದಿಯ ಕೆಳಗೆ ಯಾವ ತಾರೀಖಿನ ಯಾವ ಪಂದ್ಯ ನೋಡಿ ಬರೆದದ್ದು, ರಿಂಕಿನಲ್ಲಿ ಕೂತು ನೋಡಿದ್ದೋ ವಿಡಿಯೋದಲ್ಲಿ ನೋಡಿದ್ದೋ ಅಂತ ಪಟ್ಟಿ ಇದೆ. ಶೇಫರ್ ಪುಟದಲ್ಲಿ ಆ ಪಟ್ಟಿ ಚಿಕ್ಕದು. ನಾವು ಕಂಡದ್ದು ಇಷ್ಟೇ, ಆದರೂ ಇವನನ್ನೇ ಮೊದಲು ಇಡುತ್ತೇವೆ ಅಂತ ನೇರವಾಗಿ ಬರೆದಿದ್ದಾರೆ. ಕಾರಣವಾಗಿ ಕೊಟ್ಟದ್ದು ಅವನ ಸ್ಕೇಟಿಂಗ್. ಹಿಮ್ಮುಖವಾಗಿ ಜಾರುತ್ತಲೇ ಎದುರಾಳಿಗೂ ತನಗೂ ನಡುವೆ ಒಂದು ಕೋಲಿನಷ್ಟು ಅಂತರವನ್ನು ಬಿಗಿಯಾಗಿ ಹಿಡಿಯುತ್ತಾನಂತೆ. ಪಕ್ ಸಿಕ್ಕ ತಕ್ಷಣ ತಾನೇ ಮುಂದಕ್ಕೆ ಹೊತ್ತು ಓಡುತ್ತಾನಂತೆ. ಆಮೇಲೆ ವಿಡಿಯೋ ಹಾಕಿ ನೋಡಿದೆವು. ಬರೆದದ್ದು ಬರೆದ ಹಾಗೇ ಇತ್ತು.

ಬೆಳೆಯುವ ಸಿರಿ ಮೊಳಕೆಯಲ್ಲೇ ಅಂತ ನಮ್ಮಲ್ಲಿ ಹೇಳುತ್ತಾರೆ. ಮೊಳಕೆಯಲ್ಲಿ ಏನನ್ನು ನೋಡಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ಈ ಗೈಡ್ ಹೇಳಿಕೊಟ್ಟಿತು. ಮಾರ್ಟೋನ್ ಬಗ್ಗೆ ಬರೆಯುವಾಗ ಒಂದು ಸಾಲು ಇತ್ತು: ಪಕ್ ನೋಡಬೇಡಿ, ಪಕ್ ಬರುವುದಕ್ಕೆ ಮುಂಚೆ ಅವನ ತಲೆ ನೋಡಿ. ಹಳೆಯ ಪಂದ್ಯವೊಂದನ್ನು ಮತ್ತೆ ಹಾಕಿದೆವು. ಪಾಸ್ ಇನ್ನೂ ದಾರಿಯಲ್ಲಿರುವಾಗಲೇ ಅವನು ಭುಜದ ಮೇಲಿಂದ ಒಂದು ಸಲ ಹಿಂದಕ್ಕೆ ನೋಡುತ್ತಾನೆ. ಆರಡಿ ಮೂರಂಗುಲದ ಹುಡುಗ. ಮೈ ಬಲದಿಂದಲೇ ಎಲ್ಲ ಮಾಡುತ್ತಾನೆ ಅಂದುಕೊಂಡು ಒಂದಿಡೀ ಚಳಿಗಾಲ ಅವನನ್ನು ತಪ್ಪಾಗಿ ನೋಡಿದ್ದೆ. ಮಗ ಈಗ ತನ್ನ ಲೀಗಿನ ಪಂದ್ಯಗಳಲ್ಲೂ ಎದುರು ತಂಡದವರ ತಲೆ ನೋಡುತ್ತಾನೆ. ಯಾರು ಹಿಂದಕ್ಕೆ ನೋಡಿದರೋ ಅವರು ಶಾಟ್ ಹೊಡೆಯುವುದಿಲ್ಲ, ಪಾಸ್ ಕೊಡುತ್ತಾರೆ ಅನ್ನುವುದು ಅವನ ಲೆಕ್ಕ.

ಹೇಗನ್ಸ್ ವಿಷಯದಲ್ಲಿ ಮಾತ್ರ ನನ್ನ ಮತ್ತು ಗೈಡಿನ ಅಭಿಪ್ರಾಯ ಬೇರೆ. 2024ರ 18ರೊಳಗಿನವರ ವಿಶ್ವ ಪಂದ್ಯಾವಳಿಯಲ್ಲಿ 22 ಪಾಯಿಂಟ್ ಮಾಡಿ ದಾಖಲೆ ಬರೆದ ಹುಡುಗ. ಸೀಸನ್ ಶುರುವಿನಲ್ಲಿ ಮೊದಲ ಹೆಸರೇ ಅವನದ್ದು ಅಂತ ಎಲ್ಲರೂ ಮಾತಾಡುತ್ತಿದ್ದರು. ಗೈಡ್ ಅವನನ್ನು ಕೆಳಗೆ ತಂದು, ಅಂಚಿನಲ್ಲೇ ಸುಳಿಯುತ್ತಾನೆ, ಗೋಲಿನ ಮುಂದಕ್ಕೆ ನುಗ್ಗುವುದಿಲ್ಲ ಅಂತ ಬರೆಯಿತು. ಐದಡಿ ಹತ್ತಂಗುಲದ ಹುಡುಗ, ತನಗಿಂತ ನಾಲ್ಕೈದು ವರ್ಷ ದೊಡ್ಡವರ ನಡುವೆ ಪಂದ್ಯಕ್ಕೊಂದು ಪಾಯಿಂಟ್ ತಂದಿದ್ದಾನೆ. ಫ್ರಾಂಡೆಲ್‌ಗೆ ಹಿಡಿದ ತಕ್ಕಡಿಯನ್ನು ಇವನಿಗೂ ಹಿಡಿಯಬೇಕಿತ್ತು. ಒಂದೇ ಪುಸ್ತಕದಲ್ಲಿ ಎರಡು ತೂಕ ಸರಿಯಲ್ಲ.

ಇನ್ನು ಗೋಲ್‌ಕೀಪರ್‌ಗಳ ಭಾಗ. ಇಲ್ಲಿ ನನಗೆ ನಿಜವಾಗಿಯೂ ಬೇಜಾರಾಯಿತು. ಬೇರೆ ಹುಡುಗರಿಗೆ ಒಂದೂವರೆ ಪುಟ, ಗೋಲ್‌ಕೀಪರ್‌ಗಳಿಗೆ ಅರ್ಧ ಪುಟ, ಕೆಲವರಿಗೆ ನಾಲ್ಕೇ ಸಾಲು. 2025ರ ಮೇ 3ರಂದು ನಮ್ಮ ಇವಾಂಕೊವಿಚ್ ಕೆನಡಾದ ಗೋಲಿನಲ್ಲಿ ನಿಂತು ಸ್ವೀಡನ್ನಿಗೆ ಒಂದೂ ಗೋಲು ಬಿಡದೆ 7-0ಯಿಂದ ಚಿನ್ನ ಗೆಲ್ಲಿಸಿದ. 18ರೊಳಗಿನವರ ವಿಶ್ವ ಫೈನಲ್ ಅದು. ಗೈಡ್ ಅದನ್ನು ಅರ್ಧ ಸಾಲಿನಲ್ಲಿ ಮುಗಿಸಿ, ಆರಡಿ ಇಲ್ಲ ಅನ್ನುವುದನ್ನು ಮೂರು ಸಲ ಹೇಳುತ್ತದೆ. ಕಂಬದಿಂದ ಕಂಬಕ್ಕೆ ಹೇಗೆ ಸರಿಯುತ್ತಾನೆ, ಅಡ್ಡ ಪಾಸ್ ಬಂದಾಗ ಎದೆ ಯಾವ ಕಡೆ ತಿರುಗಿಸುತ್ತಾನೆ, ಬಡಿದು ವಾಪಸ್ ಹೋಗುವ ಪಕ್ ಎಲ್ಲಿ ಬೀಳುತ್ತದೆ, ಇದ್ಯಾವುದೂ ಇಲ್ಲ. ಮಗ ಆ ಪುಟ ಓದಿ ಫೋನ್ ಮಡಚಿಟ್ಟ, ಏನೂ ಮಾತಾಡಲಿಲ್ಲ. ಗೋಲ್‌ಕೀಪರ್‌ಗಳನ್ನು ಮೊದಲೇ ಗುರುತಿಸುವುದು ಕಷ್ಟ ಅನ್ನುವುದು ನನಗೂ ಗೊತ್ತು. ಹೆನ್ರಿಕ್ ಲುಂಡ್‌ಕ್ವಿಸ್ಟ್‌ನನ್ನು 2000ರಲ್ಲಿ ಆರಿಸಿದ್ದು 205ನೆಯವನಾಗಿ. ಅವನೇ ಆಮೇಲೆ ನ್ಯೂಯಾರ್ಕ್ ರೇಂಜರ್ಸ್ ತಂಡದ ಹೆಸರಾಂತ ಗೋಲ್‌ಕೀಪರ್ ಆದ ಅನ್ನುವುದು ಹಾಕಿ ನೋಡುವ ಎಲ್ಲರಿಗೂ ಗೊತ್ತು. ಕಷ್ಟ ಅಂತಲೇ ಇನ್ನೂ ಜಾಸ್ತಿ ನೋಡಬೇಕು, ಜಾಸ್ತಿ ಬರೆಯಬೇಕು.

ಸಣ್ಣ ತಪ್ಪುಗಳೂ ಇವೆ. ಒಬ್ಬ ಹುಡುಗನ ವರದಿಯ ನಡುವೆ ಇನ್ನೊಬ್ಬನ ಹೆಸರು ಬಂದಿತ್ತು. ಫೋನಿನಲ್ಲಿ ಕೋಷ್ಟಕಗಳು ಒಂದರ ಮೇಲೊಂದು ಕೂರುತ್ತವೆ, ಓದಲಾಗುವುದಿಲ್ಲ, ಲ್ಯಾಪ್‌ಟಾಪೇ ಬೇಕು. ಹೆಸರಿನ ತಪ್ಪಿನ ಬಗ್ಗೆ ಇಮೇಲ್ ಮಾಡಿದೆ. ಎರಡು ದಿನದಲ್ಲಿ ಕ್ಷಮೆ ಕೇಳಿ ಸರಿಪಡಿಸಿದ ಫೈಲ್ ಕಳಿಸಿದರು.

ಡ್ರಾಫ್ಟ್ ಶುರುವಾದ ಜೂನ್ 27ರ ರಾತ್ರಿ ಮಂಡಕ್ಕಿ ಕಲಸಿಟ್ಟುಕೊಂಡು, ಲ್ಯಾಪ್‌ಟಾಪಿನಲ್ಲಿ ಗೈಡ್ ತೆರೆದು, ಟಿವಿ ಮುಂದೆ ಕೂತೆವು. ಹುಡುಗರು ಲಾಸ್ ಏಂಜಲಿಸ್‌ನಲ್ಲಿ, ತಂಡದವರು ತಮ್ಮ ತಮ್ಮ ಊರಿನಲ್ಲಿ. ಐಲ್ಯಾಂಡರ್ಸ್ ಶೇಫರ್ ಹೆಸರು ಕರೆದರು. ಹಿಂದಿನ ವರ್ಷ ಕ್ಯಾನ್ಸರ್‌ನಲ್ಲಿ ತೀರಿಕೊಂಡ ತಾಯಿಯ ನೆನಪಿಗೆ ಜೆರ್ಸಿ ಮೇಲೆ ಗುಲಾಬಿ ರಿಬ್ಬನ್ ಇತ್ತು. ಅವನು ಅದಕ್ಕೆ ಮುತ್ತಿಟ್ಟು ಅತ್ತ. ನಾನೂ ಅತ್ತೆ. ಮುನ್ನೂರು ಪುಟದಲ್ಲಿ ಆ ತಾಯಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಇರಬೇಕಿತ್ತು. ಆ ವರ್ಷ ಆ ಹುಡುಗ ಹೇಗೆ ಆಡಿದ ಅನ್ನುವುದರಲ್ಲಿ ಅದೂ ಸೇರಿದೆ.

ಎರಡನೆಯದು ಮೀಸಾ, ಸ್ಯಾನ್ ಹೋಸೆಗೆ. ಮೂರು ಫ್ರಾಂಡೆಲ್, ಶಿಕಾಗೋಗೆ. ಐದನೆಯವನಾಗಿ ನ್ಯಾಶ್‌ವಿಲ್ ಕರೆದ ಬ್ರೇಡಿ ಮಾರ್ಟಿನ್ ಲಾಸ್ ಏಂಜಲಿಸ್‌ಗೆ ಹೋಗಿರಲೇ ಇಲ್ಲ. ನಮ್ಮಲ್ಲಿಂದ ದೂರವೇನಲ್ಲದ ಎಲ್ಮೈರಾದಲ್ಲಿ, ಮನೆಯವರ ಜಮೀನಿನಲ್ಲೇ ಉಳಿದುಕೊಂಡಿದ್ದ. ಗೈಡ್ ಅವನ ಬಗ್ಗೆ ಮೊದಲ ಸಾಲಿನಲ್ಲೇ, ಡಿಕ್ಕಿ ಹೊಡೆದರೆ ಎದುರಿನವನಿಗೆ ಮರುದಿನವೂ ನೆನಪಿರುತ್ತದೆ ಅಂತ ಬರೆದಿತ್ತು. ಕೊಟ್ಟಿಗೆಯಲ್ಲಿ ಬೆಳೆದ ಮೈ, ಹಾಗಿರದೆ ಇನ್ನು ಹೇಗೆ ಅಂದರು ಅಪ್ಪ. ಆರನೆಯವನು ನಮ್ಮ ಮಾರ್ಟೋನ್, ಫಿಲಡೆಲ್ಫಿಯಾಗೆ. ಮಗ ಸೋಫಾದಿಂದ ಎಗರಿದ, ಮಂಡಕ್ಕಿ ಎಲ್ಲ ನೆಲಕ್ಕೆ. ಏಳು ಹೇಗನ್ಸ್, ಬಾಸ್ಟನ್‌ಗೆ. ಮರುದಿನ ಎರಡನೇ ಸುತ್ತಿನಲ್ಲಿ ನ್ಯಾಶ್‌ವಿಲ್ ಇವಾಂಕೊವಿಚ್‌ನನ್ನು ಆರಿಸಿತು. ಗೈಡ್ ಅವನನ್ನು ಇನ್ನೂ ಬಹಳ ಕೆಳಗೆ ಇಟ್ಟಿತ್ತು. ಆ ಪುಟದ ಮೇಲೆ ಮಗ ತಾನೇ ಒಂದು ಟಿಪ್ಪಣಿ ಅಂಟಿಸಿದ.

ಮನೆಯಲ್ಲಿ ಹಾಕಿ ಆಡುವ ಮಗು ಇದ್ದರೆ, ಹತ್ತಿರ ಜೂನಿಯರ್ ರಿಂಕ್ ಇದ್ದರೆ, ಯಾವ ಯೋಚನೆಯೂ ಇಲ್ಲದೆ ಇಂಥದ್ದೊಂದು ಕೊಳ್ಳಿ. ಕೊಳ್ಳುವ ಮುಂಚೆ ಎರಡು ವಿಷಯ ನೋಡಿಕೊಳ್ಳಿ. ವರದಿಯ ಕೆಳಗೆ ನೋಡಿದ ಪಂದ್ಯಗಳ ಪಟ್ಟಿ ಇರಬೇಕು. ಮಾದರಿಗೆ ಅಂತ ಪುಕ್ಕಟೆ ಕೊಡುವ ಪುಟಗಳಲ್ಲಿ ಒಬ್ಬ ಗೋಲ್‌ಕೀಪರ್ ಆದರೂ ಇರಬೇಕು. ಮೊದಲ ಹತ್ತು ಹೆಸರು ಮಾತ್ರ ಸಾಕು ಅನ್ನುವವರಿಗೆ ಸೆಂಟ್ರಲ್ ಸ್ಕೌಟಿಂಗ್ ಪಟ್ಟಿಯೇ ಸಾಕು. ನಾನು ಕೊಡುವುದು ಐದಕ್ಕೆ ನಾಲ್ಕು. ಮಗ ಮೂರಕ್ಕಿಂತ ಒಂದು ಚೂರೂ ಏರುವುದಿಲ್ಲ ಅನ್ನುತ್ತಾನೆ.