ಮೈಸೂರಿನ ಒಂದು ಭಾನುವಾರದ ಚಿತ್ರಕಲಾ ಕ್ಲಾಸ್: ಕಲಿಯುತ್ತಿರುವವಳ ರಿವ್ಯೂ

ನಿಮ್ಮ ಹಾಳೆಯ ಮೇಲೆ ಮೇಷ್ಟ್ರು ಒಂದೇ ಒಂದು ಗೆರೆ ಎಳೆಯಬಾರದು, ಮನೆಗೆ ತೆಗೆದುಕೊಂಡು ಹೋಗುವ ಚಿತ್ರ ಪೂರ್ತಿ ನಿಮ್ಮದೇ ಆಗಿರಬೇಕು ಅಂತಿದ್ದರೆ ಈ ಕ್ಲಾಸಿಗೆ ಧೈರ್ಯವಾಗಿ ಸೇರಿ. ಒಂದೇ ತಿಂಗಳಲ್ಲಿ ಗೋಡೆಗೆ ತೂಗುಹಾಕುವಂಥ ಗಣಪತಿ ಬೇಕು ಅಂದರೆ ಇದು ನಿಮಗಲ್ಲ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ.

ಕ್ಲಾಸ್ ನಡೆಯುವುದು ಸರಸ್ವತಿಪುರಂ ಕಡೆ, ಒಂದು ಮನೆಯ ಮಹಡಿ ಮೇಲೆ. ಹೆಸರು ಬರೆಯುತ್ತಿಲ್ಲ, ಸರ್ ಬೇಡ ಅಂದಿದ್ದಾರೆ. ಇರುವುದೇ ಒಂದು ಕೋಣೆ. ಹನ್ನೆರಡು ಜನಕ್ಕಿಂತ ಜಾಸ್ತಿ ಕೂರಿಸಿದರೆ ಒಬ್ಬೊಬ್ಬರ ಹಾಳೆ ನೋಡುವುದಕ್ಕೆ ಆಗುವುದಿಲ್ಲ ಅನ್ನುವುದು ಅವರ ಲೆಕ್ಕ. ಭಾನುವಾರ ಬೆಳಿಗ್ಗೆ ಒಟ್ಟು ಮೂರು ತಾಸು ಕ್ಲಾಸ್, ಫೀಸು ತಿಂಗಳಿಗೆ 1,500 ರೂಪಾಯಿ. ಹೈಸ್ಕೂಲ್ ಹುಡುಗರಿಂದ ಹಿಡಿದು ಬ್ಯಾಂಕಿನಿಂದ ರಿಟೈರ್ ಆದ ಒಬ್ಬ ಅಂಕಲ್ ತನಕ ಎಲ್ಲರೂ ಒಟ್ಟಿಗೆ ಕೂರುತ್ತೇವೆ. ನಾನು ಬಿಕಾಂ ಓದುತ್ತಿದ್ದೇನೆ. ಸ್ಕೂಲು ಬಿಟ್ಟ ಮೇಲೆ ಬ್ರಷ್ ಮುಟ್ಟಿರಲಿಲ್ಲ.

ಈ ಕ್ಲಾಸಿನಲ್ಲಿ ಒಂದು ಪದ್ಧತಿ ಇದೆ. ನಾವು ಬಿಡಿಸಿದ ಯಾವ ಹಾಳೆಯನ್ನೂ ಹರಿಯುವ ಹಾಗಿಲ್ಲ. ಹಿಂದುಗಡೆ ತಾರೀಕು ಬರೆದು ಫೋಲ್ಡರಿಗೆ ಹಾಕಬೇಕು. ವರ್ಷಕ್ಕೊಂದು ಸಲ ಎಲ್ಲರೂ ತಮ್ಮ ತಮ್ಮ ಹಾಳೆಗಳನ್ನು ತಾರೀಕಿನ ಪ್ರಕಾರ ನೆಲದ ಮೇಲೆ ಹರಡಿ, ನೋಡಿ, ಏನು ಕಲಿತೆವು, ಎಲ್ಲಿ ನಿಂತಿದ್ದೇವೆ ಅಂತ ಒಂದು ಪುಟ ಬರೆಯಬೇಕು. ಕಳೆದ ವಾರ ನನ್ನ ಸರದಿ ಬಂತು. ಒಂದು ಪುಟದಲ್ಲಿ ನನಗೆ ಮುಗಿಯಲಿಲ್ಲ, ಆ ಉಳಿದ ಮಾತುಗಳೇ ಈ ರಿವ್ಯೂ ಅಂತ ಅಂದುಕೊಳ್ಳಿ.

ಮೊದಲ ಹಾಳೆಗಳಲ್ಲೆಲ್ಲ ಚೊಂಬು. ಹಿತ್ತಾಳೆಯ ಒಂದು ಹಳೇ ಚೊಂಬನ್ನು ಮೇಜಿನ ಮೇಲೆ ಇಟ್ಟು ಬಿಡಿಸಿ ಅಂದರು. ಮುಂದಿನ ವಾರ ಅದೇ ಚೊಂಬು. ಅದರ ಮುಂದಿನ ವಾರ ಅದನ್ನೇ ಸ್ಟೂಲಿನ ಮೇಲೆ ಎತ್ತರಕ್ಕೆ ಇಟ್ಟರು, ಆಮೇಲೆ ನೆಲದ ಮೇಲೆ. ನನ್ನ ಜೊತೆ ಸೇರಿದ ಇಬ್ಬರು ಇದೇ ಕಾರಣಕ್ಕೆ ಬಿಟ್ಟುಹೋದರು. ಅವರ ಬೇಜಾರು ನನಗೆ ಅರ್ಥವಾಗುತ್ತದೆ, ದುಡ್ಡು ಕೊಟ್ಟು ತಿಂಗಳುಗಟ್ಟಲೆ ಚೊಂಬು ಬಿಡಿಸುವುದು ಯಾರಿಗೆ ಬೇಕು ಅಲ್ವಾ? ಆದರೆ ನೆಲದ ಮೇಲೆ ಹರಡಿದ ಆ ಹಾಳೆಗಳನ್ನು ಸಾಲಾಗಿ ನೋಡಿದರೆ ವಿಷಯ ಕಣ್ಣಿಗೆ ಬೀಳುತ್ತದೆ. ಮೊದಲಿನವುಗಳಲ್ಲಿ ಚೊಂಬಿನ ಬಾಯಿ ಪೂರ್ತಿ ದುಂಡಗಿದೆ, ತಳ ಮಾತ್ರ ಸ್ಕೇಲ್ ಇಟ್ಟು ಎಳೆದ ಹಾಗೆ ನೇರ ಇದೆ. ಚೊಂಬಿನ ಬಾಯಿ ದುಂಡಗಿದೆ ಅಂತ ನಮಗೆ ಗೊತ್ತು, ಅದು ನೆಲದ ಮೇಲೆ ಸಮನಾಗಿ ಕೂರುತ್ತದೆ ಅಂತಲೂ ಗೊತ್ತು. ಕೈ ಆ ಗೊತ್ತಿರುವುದನ್ನೇ ಬಿಡಿಸುತ್ತದೆ, ಕಣ್ಣಿಗೆ ಕಾಣುವುದನ್ನಲ್ಲ. ನಿಜವಾಗಿ ನಾವು ಕೂತ ಜಾಗದಿಂದ ಬಾಯಿ ಮೊಟ್ಟೆಯಾಕಾರಕ್ಕೆ ಕಾಣುತ್ತದೆ. ಕಣ್ಣಿನ ಮಟ್ಟಕ್ಕೆ ಹತ್ತಿರ ಇದ್ದಷ್ಟೂ ಅದು ಚಪ್ಪಟೆ, ಕೆಳಗೆ ಹೋದಷ್ಟೂ ಅಗಲ. ಅಂದರೆ ಬಾಯಿಗಿಂತ ತಳದ ವಕ್ರ ಜಾಸ್ತಿ ಇರಬೇಕು. ಇದನ್ನು ಬಾಯಲ್ಲಿ ಹೇಳಿದರೆ ಎರಡು ನಿಮಿಷದ ಪಾಠ. ಕೈಗೆ ಬರುವುದಕ್ಕೆ ತಿಂಗಳುಗಳು ಬೇಕಾದವು.

ಸರ್ ಕಲಿಸುವ ರೀತಿ ಹೀಗಿರುತ್ತದೆ. ಪಕ್ಕ ಬಂದು ನಿಲ್ಲುತ್ತಾರೆ, ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ಆಮೇಲೆ, "ಕೈ ಚಾಚಿ ಪೆನ್ಸಿಲ್ ಹಿಡಿ ನೋಡೋಣ. ಬಾಯಿ ಅಗಲ ಎಷ್ಟು? ಅದು ಎತ್ತರದಲ್ಲಿ ಎಷ್ಟು ಸಲ ಹಿಡಿಸುತ್ತೆ ಹೇಳಮ್ಮ" ಅನ್ನುತ್ತಾರೆ. ನಾವು ಒಂದು ಕಣ್ಣು ಮುಚ್ಚಿ ಅಳೆದು ಹೇಳಬೇಕು. ಹೇಳಿದ ಮೇಲೆ ನಮ್ಮ ಹಾಳೆಯಲ್ಲಿ ಅದು ಎಷ್ಟಿದೆ ಅಂತ ನಾವೇ ಅಳೆಯಬೇಕು. ತೋರಿಸಲೇಬೇಕು ಅಂದರೆ ತಮ್ಮ ಸ್ವಂತ ಪ್ಯಾಡಿನಲ್ಲಿ ಗೀಚಿ ತೋರಿಸುತ್ತಾರೆ. ನಮ್ಮ ಹಾಳೆ ಮುಟ್ಟುವುದಿಲ್ಲ.

ಇದನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಚಿಕ್ಕವಳಿದ್ದಾಗ ಒಂದು ಬೇಸಿಗೆ ಶಿಬಿರಕ್ಕೆ ಹೋಗಿದ್ದೆ. ಅಲ್ಲಿ ಮಿಸ್ ಕೊನೇ ದಿನ ಎಲ್ಲರ ಚಿತ್ರ ಇಸ್ಕೊಂಡು ಕಣ್ಣು, ಗರಿ, ನೆರಳು ಎಲ್ಲಾ ತಾವೇ ತಿದ್ದಿ ಕೊಟ್ಟಿದ್ದರು. ಪೋಷಕರೆಲ್ಲ ಖುಷಿಪಟ್ಟರು. ನಮ್ಮ ಮನೆಯ ಹಾಲಿನಲ್ಲಿ ಆ ನವಿಲು ಈಗಲೂ ಫ್ರೇಮಿನಲ್ಲಿದೆ, ಬಂದವರಿಗೆಲ್ಲ ಅಮ್ಮ ತೋರಿಸುತ್ತಾರೆ. ಅದರಲ್ಲಿ ಚೆನ್ನಾಗಿರುವ ಭಾಗ ಯಾವುದೂ ನನ್ನದಲ್ಲ ಅಂತ ನನಗೆ ಆಗಲೇ ಗೊತ್ತಿತ್ತು. ಮಕ್ಕಳಿಗೆ ಇದು ತಿಳಿಯುವುದಿಲ್ಲ ಅಂದುಕೊಳ್ಳಬೇಡಿ, ಚೆನ್ನಾಗಿ ತಿಳಿಯುತ್ತದೆ. ನನ್ನ ಕೈಯಲ್ಲಿ ಆಗಲ್ಲ ಅನ್ನುವ ಭಾವನೆ ಅಲ್ಲಿಂದಲೇ ಶುರುವಾಗುವುದು. ಮಗುವನ್ನು ಯಾವುದೇ ಡ್ರಾಯಿಂಗ್ ಕ್ಲಾಸಿಗೆ ಸೇರಿಸುವ ಮೊದಲು ಒಂದು ದಿನ ಹೋಗಿ ಕೂತು, ಮೇಷ್ಟ್ರ ಪೆನ್ಸಿಲ್ ಯಾರ ಹಾಳೆ ಮೇಲೆ ಓಡುತ್ತಿದೆ ಅಂತ ನೋಡಿ. ನಾನಾಗಿದ್ದರೆ ಬೇರೆ ಏನನ್ನೂ ವಿಚಾರಿಸುವುದಿಲ್ಲ.

ಚೊಂಬಿನ ಆಕಾರ ಆದ ಮೇಲೆ ಶೇಡಿಂಗ್. ಮೊದಲು ಬಿಳಿಯಿಂದ ಕಪ್ಪಿನ ತನಕ ಚೌಕಗಳನ್ನು ತುಂಬುವುದು, ಒಂದಕ್ಕಿಂತ ಒಂದು ಸ್ವಲ್ಪ ಸ್ವಲ್ಪವೇ ಗಾಢ. ಇಲ್ಲಿ ನನಗೆ ಗೊತ್ತಾಗಿದ್ದು ಎಚ್‌ಬಿ ಪೆನ್ಸಿಲಿನಲ್ಲಿ ಎಷ್ಟು ಒತ್ತಿದರೂ ನಿಜವಾದ ಕಪ್ಪು ಬರುವುದಿಲ್ಲ, ಹಾಳೆ ಮಿರುಗುತ್ತದೆ ಅಷ್ಟೇ. ಅದಕ್ಕಿಂತ ಮೆತ್ತಗಿನ, ಹೆಚ್ಚು ಕಪ್ಪಾಗಿ ಮೂಡುವ 4ಬಿ, 6ಬಿ ಪೆನ್ಸಿಲ್ ಬೇಕು. ನನ್ನ ಮೊದಲ ವರ್ಷದ ಹಾಳೆಗಳಲ್ಲೆಲ್ಲ ಬೂದು ಬಣ್ಣವೇ ತುಂಬಿದೆ. ಗಾಢ ಮಾಡುವುದಕ್ಕೆ ಭಯ, ಚಿತ್ರ ಹಾಳಾಗುತ್ತದೇನೋ ಅಂತ. ಈ ವರ್ಷದ ಬೆಳ್ಳುಳ್ಳಿ ಗಡ್ಡೆಯ ಹಾಳೆ ನೋಡಿದರೆ, ಅದರ ಪಕ್ಕದ ನೆರಳು ಪೂರಾ ಕಪ್ಪಗಿದೆ. ಅದಕ್ಕೇ ಬೆಳ್ಳುಳ್ಳಿ ಬೆಳ್ಳಗೆ ಕಾಣುತ್ತದೆ. ಆ ಹಾಳೆ ನನಗೆ ತುಂಬಾ ಇಷ್ಟ.

ಜಲವರ್ಣದ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಬರೆಯಬೇಕು, ಯಾಕೆಂದರೆ ನನ್ನ ಬೆಳವಣಿಗೆ ಅಂತ ಏನಾದರೂ ಇದ್ದರೆ ಅದು ಅಲ್ಲೇ ಇರುವುದು. ಸ್ಕೂಲಿನಲ್ಲಿ ನಾವು ಬಳಸಿದ್ದು ಪೋಸ್ಟರ್ ಕಲರ್. ಅದು ದಪ್ಪ, ಕೆಳಗಿನದನ್ನು ಮುಚ್ಚುತ್ತದೆ, ತಪ್ಪಿದರೆ ಮೇಲೆ ಇನ್ನೊಂದು ಬಣ್ಣ ಹಚ್ಚಬಹುದು. ಜಲವರ್ಣ ಪಾರದರ್ಶಕ. ಕೆಳಗೆ ಹಚ್ಚಿದ್ದು ಮೇಲೆ ಕಾಣುತ್ತಲೇ ಇರುತ್ತದೆ. ಸರ್ ಬಿಳಿ ಬಣ್ಣದ ಟ್ಯೂಬನ್ನು ಡಬ್ಬಿಯಿಂದ ತೆಗೆಸಿ ಮನೆಯಲ್ಲಿಟ್ಟು ಬನ್ನಿ ಅಂದರು. ಬಿಳಿ ಅಂದರೆ ಹಾಳೆ, ಅದನ್ನು ಮೊದಲೇ ಉಳಿಸಿಕೊಳ್ಳಬೇಕು. ಹಾಗಾಗಿ ಬ್ರಷ್ ಇಡುವ ಮೊದಲೇ ಎಲ್ಲಿ ಬಣ್ಣ ಹಚ್ಚಬಾರದು ಅಂತ ತೀರ್ಮಾನ ಮಾಡಬೇಕು. ತಿಳಿಯಿಂದ ಶುರು ಮಾಡಿ ಗಾಢಕ್ಕೆ ಹೋಗಬೇಕು.

ಇದನ್ನು ಕಲಿಸಲು ದೇವರಾಜ ಮಾರುಕಟ್ಟೆಗೆ ಕರೆದುಕೊಂಡು ಹೋದರು. ಹೂವಿನ ಸಾಲಿನಲ್ಲಿ ಒಂದು ಕಡೆ ಕೂತು ಮಲ್ಲಿಗೆ ರಾಶಿ ಬಿಡಿಸಿ ಅಂದರು, ಬಿಳಿ ಹಾಳೆಯ ಮೇಲೆ ಬಿಳಿ ಹೂವು. ಮೊದಲು ಏನೂ ತೋಚಲಿಲ್ಲ. ಆಮೇಲೆ ಗೋಣಿ ತಾಟಿನ ಕಂದು, ಪಕ್ಕದ ಸೇವಂತಿಗೆಯ ಹಳದಿ, ಹೂವಿನ ಸಂದಿಯಲ್ಲಿ ಬಿದ್ದ ನೀಲಿ ಮಿಶ್ರಿತ ನೆರಳು ಇಷ್ಟನ್ನೇ ಹಚ್ಚಿಕೊಂಡು ಹೋದಾಗ, ಹಚ್ಚದೇ ಬಿಟ್ಟ ಜಾಗದಲ್ಲಿ ಮಲ್ಲಿಗೆ ಬಂದು ಕೂತಿತ್ತು. ಹೂವು ಮಾರುವ ಅಜ್ಜಿ ಇಣುಕಿ ನೋಡಿ, "ಮೊಗ್ಗು ಬಿಡಿಸೇ ಇಲ್ವಲ್ಲ ಕಣವ್ವಾ, ಆದ್ರೂ ಕಾಣ್ತದೆ" ಅಂದರು. ನನಗೆ ಅದಕ್ಕಿಂತ ಒಳ್ಳೆಯ ಮಾರ್ಕ್ಸ್ ಯಾರೂ ಕೊಟ್ಟಿಲ್ಲ. ಅಲ್ಲಿ ಕಲಿತ ಇನ್ನೊಂದು ವಿಷಯ, ನೆರಳಿಗೆ ಕಪ್ಪು ಬಣ್ಣ ಬೇಕಾಗಿಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣ ಬೆರೆಸಿದರೆ ಎಂಥ ಚೆಂದದ ಬೂದು ಬರುತ್ತದೆ ಅಂದರೆ, ಕಪ್ಪು ಟ್ಯೂಬ್ ನಾನು ಆಮೇಲೆ ತೆರೆದೇ ಇಲ್ಲ.

ಅದಾದ ಮೇಲೆ ಜಗನ್ಮೋಹನ ಅರಮನೆ ಗ್ಯಾಲರಿಗೆ ಕರೆದುಕೊಂಡು ಹೋದರು. ಮೈಸೂರಿನವರಾಗಿ ನಾವೆಲ್ಲ ಸ್ಕೂಲ್ ಟ್ರಿಪ್ಪಿನಲ್ಲಿ ನೋಡಿಯೇ ಇರುತ್ತೇವೆ, ಕತ್ತಲೆ ಕೋಣೆಯಲ್ಲಿ ದೀಪ ಹಿಡಿದು ನಿಂತ ಹೆಂಗಸಿನ ಚಿತ್ರ. ಅದು ರವಿವರ್ಮನದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ನಮ್ಮ ಮನೆಯಲ್ಲೂ ಹಾಗೇ ಹೇಳುತ್ತಿದ್ದರು. ರವಿವರ್ಮನ ಚಿತ್ರಗಳು ಅದೇ ಗ್ಯಾಲರಿಯಲ್ಲಿ ಇರುವುದರಿಂದ ಹಾಗಾಗಿರಬೇಕು. ಬಿಡಿಸಿದವರು ಎಸ್. ಎಲ್. ಹಲ್ದಂಕರ್, ನಿಂತಿರುವುದು ಅವರ ಮಗಳು. ನನಗೆ ಮೈ ಜುಂ ಅನ್ನಿಸಿದ್ದು ಅದು ಎಣ್ಣೆವರ್ಣ ಅಲ್ಲ, ಜಲವರ್ಣ ಅಂತ ಗೊತ್ತಾದಾಗ. ನೀರಿನ ಬಣ್ಣದಲ್ಲಿ ಅಷ್ಟು ಗಾಢ, ಅಷ್ಟು ಹದವಾಗಿ ಮುಖದ ಮೇಲೆ ಇಳಿಯುವ ಬೆಳಕು! ದೀಪಕ್ಕೆ ಅಡ್ಡ ಹಿಡಿದ ಬೆರಳುಗಳನ್ನೇ ನಾನು ತುಂಬಾ ಹೊತ್ತು ನೋಡುತ್ತಾ ನಿಂತೆ. ಚಿಕ್ಕಂದಿನಲ್ಲಿ ಇದೇ ಚಿತ್ರದ ಮುಂದೆ ಬಂದು, ನೋಡಿ, ಮುಂದೆ ಹೋಗಿದ್ದೆ. ಈಗ ಕಣ್ಣಿಗೆ ಬೇರೆ ಕೆಲಸ ಗೊತ್ತಾಗಿದೆ, ಎಲ್ಲಿ ತಿಳಿ ಉಳಿಸಿದ್ದಾರೆ, ಎಲ್ಲಿ ಅಂಚನ್ನು ಕರಗಿಸಿದ್ದಾರೆ ಅಂತ ಹುಡುಕುತ್ತದೆ. ಫೀಸಿನ ದುಡ್ಡು ಇದೊಂದಕ್ಕೇ ಸಾರ್ಥಕ ಅಂತ ನಾನು ಹೇಳುತ್ತೇನೆ.

ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರವನ್ನೂ ಕೊನೆಯ ಮೂರು ತಿಂಗಳಲ್ಲಿ ಸ್ವಲ್ಪ ಹೇಳಿಕೊಡುತ್ತಾರೆ. ಇದು ಪೂರ್ತಿ ಕೋರ್ಸ್ ಅಲ್ಲ, ಪರಿಚಯ ಅಷ್ಟೇ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ದೊಡ್ಡ ಆಶ್ರಯ ಸಿಕ್ಕಿ ಬೆಳೆದ ಶೈಲಿ ಇದು. ಹಲಗೆ ಮೇಲೆ ಕಾಗದ ಅಂಟಿಸಿ, ನಕ್ಷೆ ಬರೆದು, ಒಡವೆ, ಕಿರೀಟ, ಪ್ರಭಾವಳಿ ಬರುವ ಕಡೆ ಸತುವಿನ ಬಿಳಿ ಪುಡಿಯನ್ನು ಗೋಂದಿನಲ್ಲಿ ಕಲಸಿ ಸಣ್ಣ ಬ್ರಷ್ಷಿನಲ್ಲಿ ಚುಕ್ಕಿ ಚುಕ್ಕಿಯಾಗಿ ಇಡಬೇಕು. ಇದಕ್ಕೆ ಗೆಸ್ಸೋ ಅನ್ನುತ್ತಾರೆ. ತಂಜಾವೂರಿನವರದು ದಪ್ಪಗೆ ಉಬ್ಬಿರುತ್ತದೆ, ಕಲ್ಲುಗಳನ್ನೂ ಕೂರಿಸುತ್ತಾರೆ. ನಮ್ಮದು ತೆಳು, ಬೆರಳಾಡಿಸಿದರೆ ಮಾತ್ರ ಗೊತ್ತಾಗುವಷ್ಟು. ಅದು ಒಣಗಿದ ಮೇಲೆ ಚಿನ್ನದ ರೇಕು. ರೇಕು ಹಚ್ಚುವ ದಿನ ಫ್ಯಾನ್ ಆಫ್, ಕಿಟಕಿ ಬಂದ್, ಉಸಿರು ಜೋರಾಗಿ ಬಿಟ್ಟರೂ ಹಾರಿಹೋಗುತ್ತದೆ. ನಾನು ಮಾಡಿದ್ದು ಅಂಗೈಯಗಲದ ಒಂದು ಸರಸ್ವತಿಯ ಕಿರೀಟ ಮಾತ್ರ. ಗೆರೆಗಳು ಅಲ್ಲಲ್ಲಿ ದಪ್ಪ ಸಣ್ಣ ಆಗಿವೆ. ಈ ಕೆಲಸಕ್ಕೆ ಬೇಕಾದ ಸ್ಥಿರವಾದ ಕೈ ನನಗಿನ್ನೂ ಬಂದಿಲ್ಲ, ಆ ಪುಟದಲ್ಲೂ ಹಾಗೇ ಬರೆದುಕೊಟ್ಟೆ. ಇದನ್ನೇ ಗಂಭೀರವಾಗಿ ಕಲಿಯಬೇಕು ಅನ್ನುವವರು ಬರೀ ಇದನ್ನೇ ಮಾಡುವ ಕಲಾವಿದರ ಹತ್ತಿರ ಹೋಗಿ, ಮೈಸೂರಿನಲ್ಲಿ ಅಂಥವರು ಇದ್ದಾರೆ.

ಹಿಡಿಸದ ವಿಷಯಗಳೂ ಇವೆ. ಮಳೆಗಾಲದಲ್ಲಿ ಕೋಣೆಗೆ ಬೆಳಕು ಸಾಲುವುದಿಲ್ಲ. ಟ್ಯೂಬ್‌ಲೈಟ್ ಕೆಳಗೆ ಬೆರೆಸಿದ ಹಸಿರು ಮನೆಗೆ ಬಂದು ನೋಡಿದರೆ ಬೇರೆಯೇ ಹಸಿರು. ಇದನ್ನು ಎಷ್ಟು ಸಲ ಹೇಳಿದರೂ ಒಳ್ಳೆಯ ಲೈಟ್ ಹಾಕಿಸಿಲ್ಲ. ಮೆಟ್ಟಿಲು ಕಡಿದು, ವಯಸ್ಸಾದವರಿಗೆ ಕಷ್ಟ. ಮದುವೆ ಸೀಸನ್ನಿನಲ್ಲಿ ಕ್ಲಾಸ್ ರದ್ದಾದರೆ ಶನಿವಾರ ರಾತ್ರಿ ಮೆಸೇಜ್ ಬರುತ್ತದೆ, ಆ ವಾರಕ್ಕೆ ಬದಲಿ ಕ್ಲಾಸ್ ಕೆಲವು ಸಲ ಇರುತ್ತದೆ, ಕೆಲವು ಸಲ ಇಲ್ಲ. ಮನುಷ್ಯರ ಮುಖ, ಕೈಕಾಲು ತುಂಬಾ ತಡವಾಗಿ ಶುರು ಮಾಡುತ್ತಾರೆ. ನನ್ನ ಫೋಲ್ಡರಿನಲ್ಲಿ ಕೈಗಳನ್ನು ಬಿಡಿಸಿದ ಹಾಳೆಗಳು ಬಹಳ ಕಡಿಮೆ, ಇರುವವುಗಳಲ್ಲಿ ಬೆರಳುಗಳು ಇನ್ನೂ ಗಡುಸಾಗಿವೆ. ಇದನ್ನು ಒಂದು ವರ್ಷ ಮೊದಲೇ ಶುರು ಮಾಡಿಸಬಹುದಿತ್ತು ಅಂತ ಸರ್‌ಗೂ ಹೇಳಿದೆ. "ಮಾಡೋಣಮ್ಮ" ಅಂದಿದ್ದಾರೆ.

ಇನ್ನೊಂದು, ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಕಟ್ಟಬೇಕು ಅನ್ನುವ ಮಕ್ಕಳಿಗೆ ಇಲ್ಲಿ ವಿಶೇಷ ತಯಾರಿ ಇಲ್ಲ. ಪರೀಕ್ಷೆಗೆ ಬೇಕಾದ ಡಿಸೈನ್, ಅಳತೆ, ಟೈಮಿಗೆ ಮುಗಿಸುವ ಅಭ್ಯಾಸ ಇವೆಲ್ಲ ಬೇರೆ ಕಡೆ ಮಾಡಬೇಕು. ಆದರೆ ನಮ್ಮ ಬ್ಯಾಚಿನ ಒಬ್ಬ ಹುಡುಗ ಕಾವಾಗೆ, ಅಂದರೆ ಮೈಸೂರಿನ ಸರ್ಕಾರಿ ಚಿತ್ರಕಲಾ ಕಾಲೇಜಿಗೆ, ಸೇರಬೇಕು ಅಂತ ತಯಾರಿ ಮಾಡುತ್ತಿದ್ದಾನೆ. ತಾರೀಕು ಹಾಕಿಟ್ಟ ಫೋಲ್ಡರ್ ಅವನಿಗೆ ತುಂಬಾ ಉಪಯೋಗಕ್ಕೆ ಬಂದಿದೆ.

ಸಾಮಾನಿನ ಖರ್ಚು ಫೀಸಿನ ಮೇಲೆ ಬೇರೆ. ಮೊದಲ ದಿನವೇ ಅಂಗಡಿಗೆ ಹೋಗಿ ಇಪ್ಪತ್ನಾಲ್ಕು ಬಣ್ಣದ ಸೆಟ್ ತರಬೇಡಿ. ಮೊದಲ ಕೆಲವು ತಿಂಗಳು 2ಬಿ, 4ಬಿ, 6ಬಿ ಪೆನ್ಸಿಲ್, ಒಂದು ರಬ್ಬರ್, ಸಾಧಾರಣ ಡ್ರಾಯಿಂಗ್ ಶೀಟ್, ಒಂದು ಹಲಗೆ ಸಾಕು. ಜಲವರ್ಣಕ್ಕೆ ಬಂದಾಗ ಬಣ್ಣ ಕಡಿಮೆ ಬೆಲೆಯದಾದರೂ ಪರವಾಗಿಲ್ಲ, ಕ್ಯಾಮ್ಲಿನ್ ಸ್ಟೂಡೆಂಟ್ ಟ್ಯೂಬುಗಳಲ್ಲೇ ನಾನು ಕಲಿತದ್ದು. ಹಾಳೆಯಲ್ಲಿ ಮಾತ್ರ ಜಿಪುಣತನ ಬೇಡ. ತೆಳು ಹಾಳೆ ನೀರು ಬಿದ್ದ ತಕ್ಷಣ ಹಪ್ಪಳದ ಹಾಗೆ ಏಳುತ್ತದೆ, ಬಣ್ಣ ಗುಂಡಿಯಲ್ಲಿ ನಿಂತು ಕಲೆಯಾಗುತ್ತದೆ, ಆಮೇಲೆ ನನಗೆ ಬರಲ್ಲ ಅಂತ ನೀವು ಅಂದುಕೊಳ್ಳುತ್ತೀರಿ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹಾಳೆ ತಗೊಳ್ಳಿ, ದೊಡ್ಡದನ್ನು ನಾಲ್ಕು ತುಂಡು ಮಾಡಿ ಬಳಸಿ, ಹಿಂದೆಮುಂದೆ ಎರಡೂ ಕಡೆ ಬಿಡಿಸಿ. ಬ್ರಷ್ ಎರಡೇ ಸಾಕು, ಒಂದು ದಪ್ಪ, ಒಂದು ನಡುಗಾತ್ರದ್ದು. ತುದಿ ಚೂಪಾಗಿ ಕೂಡುವಂಥದ್ದಾದರೆ ದಪ್ಪ ಬ್ರಷ್ಷಿನಲ್ಲೇ ಸಣ್ಣ ಗೆರೆಯೂ ಬರುತ್ತದೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಬೆಳಕಿಗೆ ಮತ್ತು ರದ್ದಾಗುವ ಕ್ಲಾಸುಗಳಿಗೆ. ಹೊಸಬರನ್ನು ದಸರಾ ರಜೆ ಮುಗಿದ ಮೇಲೆ ಸೇರಿಸಿಕೊಳ್ಳುತ್ತಾರೆ, ಜಾಗ ಬೇಗ ತುಂಬುತ್ತದೆ. ಸೇರುವ ಮೊದಲು ಒಂದು ಭಾನುವಾರ ಸುಮ್ನೆ ಬಂದು ಹಿಂದೆ ಕೂತು ನೋಡಬಹುದು, ಅದಕ್ಕೆ ದುಡ್ಡಿಲ್ಲ. ಬಂದರೆ ಹತ್ತು ಗಂಟೆಯ ಒಳಗೆ ಬನ್ನಿ, ಆಮೇಲೆ ಕೆಳಗಿನ ಗೇಟು ಹಾಕಿಬಿಡುತ್ತಾರೆ.