ಟ್ರೀಟ್ಮೆಂಟ್ ಸೂಪರ್, ಆದ್ರೆ ಅಡ್ಮಿಟ್ ಅಂದ್ಮೇಲೆ ಕೇಳೋರೇ ಇಲ್ಲ (5ಕ್ಕೆ 2)

ಆಸ್ಪತ್ರೆ ಹೆಸರು ಹಾಕಲ್ಲ, ಇದು ಅಲ್ಲೊಂದೇ ಕಡೆ ಇರೋ ರೋಗ ಅಲ್ಲ. ನಮ್ಮ ಮಾವನೋರಿಗೆ ಎಂಬತ್ತು ದಾಟಿದೆ, ಕೈಕಾಲು ನಡುಗಿ ಮೈ ಬಿಗಿಯೋ ಪಾರ್ಕಿನ್ಸನ್ ಕಾಯಿಲೆ ಬೇರೆ, ಜ್ವರ ಬಂದು ಏದುಸಿರು ಶುರುವಾಯ್ತು ಅಂತ ಎಮರ್ಜೆನ್ಸಿಗೆ ಕರ್ಕೊಂಡ್ ಹೋದ್ವಿ. ಒಳ್ಳೇದನ್ನ ಮೊದ್ಲು ಹೇಳ್ಬಿಡ್ತೀನಿ: ಬಾಗಿಲಲ್ಲೇ ನರ್ಸ್ ನೋಡಿ ನೇರ ಒಳಗೆ ತಗೊಂಡ್ರು, ಆಕ್ಸಿಜನ್, ಇಸಿಜಿ, ಬ್ಲಡ್ ಟೆಸ್ಟ್, ಎಕ್ಸ್‌ರೇ ಎಲ್ಲಾ ಪಟಪಟ ಆಯ್ತು, ನ್ಯುಮೋನಿಯ ಅಂತ ಗೊತ್ತಾದ ಕೂಡ್ಲೇ ಆಂಟಿಬಯಾಟಿಕ್ ಹಾಕಿದ್ರು. ಅಲ್ಲೀವರ್ಗೂ ಐದಕ್ಕೆ ಐದು.

"ಅಡ್ಮಿಟ್ ಮಾಡ್ಬೇಕು, ಮೇಲೆ ಬೆಡ್ ಖಾಲಿ ಆಗ್ಲಿ, ಸ್ವಲ್ಪ ವೇಟ್ ಮಾಡಿ" ಅಂದ್ರು ನೋಡಿ, ಮಧ್ಯಾಹ್ನ ಹೇಳಿದ ಆ ಸ್ವಲ್ಪ ಮಾರನೇ ದಿನ ಬೆಳಗಾದ್ರೂ ಮುಗೀಲಿಲ್ಲ. ಇಡೀ ರಾತ್ರಿ ಅದೇ ಸ್ಟ್ರೆಚರ್ ಮೇಲೆ. ಅದು ಪೇಷಂಟ್‌ನ ತಳ್ಕೊಂಡು ಹೋಗಕ್ಕೆ ಇರೋದು, ತೆಳ್ಳಗಿನ ರೆಕ್ಸಿನ್ ಹಾಸಿಗೆ, ಪಕ್ಕಕ್ಕೆ ಹೊರಳಕ್ಕೂ ಜಾಗ ಇಲ್ಲ. ವಯಸ್ಸಾದೋರ ಚರ್ಮ ಮೊದ್ಲೇ ತೆಳು, ಒಂದೇ ಕಡೆ ಒತ್ತುತ್ತಾ ಇದ್ರೆ ಕೆಲವೇ ಗಂಟೇಲಿ ಹುಣ್ಣಾಗಕ್ಕೆ ಶುರುವಾಗತ್ತೆ, ಇವರ ಹಿಮ್ಮಡಿ ರಾತ್ರಿನೇ ಕೆಂಪಗಾಗಿತ್ತು.

ಇದಕ್ಕಿಂತ ಸಿಟ್ಟು ಬಂದಿದ್ದು ಮಾತ್ರೆ ವಿಷಯಕ್ಕೆ. ಪಾರ್ಕಿನ್ಸನ್ ಮಾತ್ರೆ ಟೈಮಿಗೆ ಸರಿಯಾಗಿ ಬೀಳ್ಬೇಕು, ತಪ್ಪಿದ್ರೆ ಮೈ ಬಿಗಿಯತ್ತೆ, ನುಂಗೋದೂ ಕಷ್ಟ. ಎಮರ್ಜೆನ್ಸಿ ಡಾಕ್ಟರ್ ಕೇಳಿದ್ರೆ ರೆಗ್ಯುಲರ್ ಮಾತ್ರೆ ವಾರ್ಡ್ ಟೀಮ್ ಬರೀತಾರೆ ಅಂತಾರೆ, ವಾರ್ಡ್ ಟೀಮಿಗೆ ಫೋನ್ ಮಾಡ್ಸಿದ್ರೆ ಪೇಷಂಟ್ ಮೇಲೆ ಬಂದ್ಮೇಲೆ ಬರೀತೀವಿ ಅಂತಾರೆ. ಮಾತ್ರೆ ನಮ್ಮತ್ತೆ ಬ್ಯಾಗಲ್ಲೇ ಇದೆ! ಸಂಜೆ ಹೊತ್ತಿಗೆ ಮಾವನೋರ ಕೈ ಮರದ ಕೊರಡು ಆದಂಗೆ ಆಗಿತ್ತು.

ರಾತ್ರಿ ಇನ್ನೂ ಕೆಟ್ಟದು. ಕಿಟಕಿ ಇಲ್ಲ, ಲೈಟ್ ಆರಿಸಲ್ಲ, ಯಾವ್ದೋ ಮಾನಿಟರ್ ಬಡ್ಕೊಳ್ತಾನೇ ಇರತ್ತೆ, ಕನ್ನಡಕನೂ ಇಲ್ಲ, ಕಿವಿ ಮಷಿನ್ನೂ ಇಲ್ಲ. ಬೆಳಿಗ್ಗೆ ನೆಟ್ಟಗೆ ಮಾತಾಡಿದ್ದ ಮನುಷ್ಯ ತೀರಿಹೋದ ತಮ್ಮನ್ನ ಕರೀತಾ ಡ್ರಿಪ್ ಸೂಜಿ ಕಿತ್ತಾಕಿದ್ರು. ಡೆಲಿರಿಯಂ ಅಂತಾರಂತೆ, ಇನ್ಫೆಕ್ಷನ್ ಜೊತೆ ನಿದ್ದೆಗೆಟ್ರೆ ವಯಸ್ಸಾದೋರಿಗೆ ಬೇಗ ಬರತ್ತೆ. ಸುಮ್ನಿರ್ಸಕ್ಕೆ ಹ್ಯಾಲೊಪೆರಿಡಾಲ್ ಇಂಜೆಕ್ಷನ್ ತಂದ್ರು, ಪಾರ್ಕಿನ್ಸನ್ ಇದೆ ಸಾರ್ ಅಂತ ನನ್ನ ಹೆಂಡ್ತಿ ಕೂಗಿದ್ಮೇಲೆ ವಾಪಸ್ ತಗೊಂಡ್ರು. ಅದು ಪಾರ್ಕಿನ್ಸನ್ ಇರೋರಿಗೆ ಕೊಡ್ಬಾರ್ದು, ಇನ್ನೂ ಬಿಗಿ ಮಾಡತ್ತೆ.

ಜನ ಸಣ್ಣಪುಟ್ಟ ನೆಗಡಿಗೂ ಬಂದು ರಶ್ ಮಾಡ್ತಾರೆ ಅಂತ ರಿಸೆಪ್ಷನ್ನಲ್ಲಿ ಹೇಳಿದ್ರು. ಸಾರಿ, ಒಪ್ಪಲ್ಲ. ನೆಗಡಿಯೋರು ಚೇರಲ್ಲಿ ಕೂತು ಎದ್ದು ಹೋಗ್ತಾರೆ, ಅವರಿಗೆ ಮೇಲಿನ ಬೆಡ್ ಬೇಕಾಗಲ್ಲ. ಮೇಲೆ ವಾಸಿ ಆಗಿರೋರೇ ಡಿಸ್ಚಾರ್ಜ್ ಸಮರಿಗೆ, ಮನೇಲಿ ನೋಡ್ಕೊಳ್ಳೋರು ಯಾರು ಅಂತ ತೀರ್ಮಾನ ಆಗಕ್ಕೆ ಕಾಯ್ತಿರ್ತಾರೆ, ಕೆಳಗೆ ಅಡ್ಮಿಟ್ ಆದೋರು ಸ್ಟ್ರೆಚರ್ ಮೇಲಿರ್ತಾರೆ.

ಇದು ಬರೀ ತೊಂದ್ರೆ ಪ್ರಶ್ನೆನೂ ಅಲ್ಲ. ಫ್ರಾನ್ಸಲ್ಲಿ 2022ರ ಡಿಸೆಂಬರ್‌ನಲ್ಲಿ 97 ಎಮರ್ಜೆನ್ಸಿಗಳಲ್ಲಿ 75 ವರ್ಷ ದಾಟಿದೋರನ್ನ ಸ್ಟಡಿ ಮಾಡಿದ್ರು. ಬೆಡ್ ಇಲ್ದೆ ರಾತ್ರಿ ಎಮರ್ಜೆನ್ಸೀಲೇ ಕಳೆದೋರಲ್ಲಿ ಆಸ್ಪತ್ರೆಲೇ ತೀರ್ಕೊಂಡೋರು ಶೇ 15.7, ಮಧ್ಯರಾತ್ರಿ ಒಳಗೆ ವಾರ್ಡಿಗೆ ಹೋದೋರಲ್ಲಿ ಶೇ 11.1. ಓಡಾಟಕ್ಕೆ ಇನ್ನೊಬ್ರ ಸಹಾಯ ಬೇಕಾದೋರಿಗೆ ಅಪಾಯ ಇನ್ನೂ ಜಾಸ್ತಿ.

ಕೊಟ್ಟಿರೋ ಎರಡು ಸ್ಟಾರಲ್ಲಿ ಒಂದು ಡಾಕ್ಟರಿಗೆ, ಒಂದು ರಾತ್ರಿ ಪಾಳಿಗೆ ಬಂದ ನರ್ಸಮ್ಮನಿಗೆ. ಆಯಮ್ಮ ಹಿಮ್ಮಡಿ ಕೆಳಗೆ ದಿಂಬು ಇಟ್ರು, ಕಿವಿ ಮಷಿನ್ ಎಲ್ಲಿ ಅಂತ ಕೇಳಿ ಹಾಕ್ಸಿದ್ರು, ಡಾಕ್ಟರ್ ಹತ್ರ ಜಗಳ ಆಡಿ ಮಾತ್ರೆ ಬರ್ಸಿದ್ರು. ಅವರ ಮೇಲೆ ಎಷ್ಟು ಜನ ಪೇಷಂಟ್ ಇದ್ರು ಅಂತ ನೋಡಿದ್ರೆ ನಿಮಗೂ ಪಾಪ ಅನ್ಸತ್ತೆ.

ಮನೆ ಹಿರಿಯರನ್ನ ಕರ್ಕೊಂಡ್ ಹೋಗೋರು ಕನ್ನಡಕ, ಕಿವಿ ಮಷಿನ್, ಮಾತ್ರೆ ಡಬ್ಬಿ, ಯಾವ್ದು ಎಷ್ಟು ಗಂಟೆಗೆ ಅನ್ನೋ ಚೀಟಿ ಜೊತೆಲಿ ಇಟ್ಕೊಳ್ಳಿ. ಅಡ್ಮಿಟ್ ಅಂದ ಕ್ಷಣ ಬೆಡ್ ಯಾವಾಗ ಅಂತ ಕೇಳೋ ಮೊದ್ಲು, ಬೆಡ್ ಸಿಗೋವರ್ಗೂ ಇವರನ್ನ ನೋಡೋ ಡಾಕ್ಟರ್ ಯಾರು ಅಂತ ಕೇಳಿ ಹೆಸರು ಬರ್ಕೊಳ್ಳಿ.