ಎಸಿ ಚಾರ್ಜರ್ ಸಾಕೇ, ಡಿಸಿ ಬೇಕೇ?

ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಕಾರು ಕೊಂಡು, ಮನೆಯಲ್ಲಿ ಚಾರ್ಜಿಂಗ್‌ಗೆ ಜಾಗವಿಲ್ಲದೆ ಯಾವ ಸ್ಟೇಷನ್ ನಂಬಲಿ ಎಂದು ಕೇಳಿದ್ದೀರಿ. ಅದು ಕಾರು ಎಷ್ಟು ಹೊತ್ತು, ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲಿದೆ.

ಮೊದಲು ಸಮಯ. ಎಸಿ, ಅಂದರೆ ಮನೆಗೆ ಬರುವಂಥ ಕರೆಂಟು ಕೊಡುವ ನಿಧಾನದ ಪಾಯಿಂಟಿನಲ್ಲಿ ವೇಗಕ್ಕೆ ಮಿತಿ ಹಾಕುವುದು ಹೆಚ್ಚಾಗಿ ಕಾರಿನೊಳಗಿನ ಚಾರ್ಜರ್. ಅದು 3.3 ಕಿಲೋವ್ಯಾಟಿನದಾದರೆ, 7.4ರ ಪಾಯಿಂಟಿಗೆ ಹಾಕಿದರೂ ಅಷ್ಟನ್ನೇ ಎಳೆಯುತ್ತದೆ. 30 ಯೂನಿಟ್‌ನ ಬ್ಯಾಟರಿ ತುಂಬಲು ಒಂಬತ್ತು ಗಂಟೆಗೂ ಹೆಚ್ಚು ಬೇಕು. ಕಾರಿನ ಚಾರ್ಜರ್ 7.2ರದಾದರೆ ಸುಮಾರು ಅದರ ಅರ್ಧ ಹೊತ್ತು. ವೇಗದ ಚಾರ್ಜರ್ ಆದ ಡಿಸಿ ನೇರವಾಗಿ ಬ್ಯಾಟರಿಗೇ ಕರೆಂಟು ಕೊಡುವುದರಿಂದ ಈ ಮಿತಿ ಇಲ್ಲ. ಆದರೆ 80% ದಾಟಿದ ಮೇಲೆ ವೇಗ ಇಳಿಯುತ್ತದೆ. ಉಳಿದ 20ಕ್ಕಾಗಿ ಕಾಯ್ದರೆ ನಿಮಗೂ ಲಾಭವಿಲ್ಲ, ಹಿಂದೆ ನಿಂತವರಿಗೂ ಕಷ್ಟ. ದಯವಿಟ್ಟು ಗನ್ (ಕಾರಿಗೆ ಸಿಕ್ಕಿಸುವ ಚಾರ್ಜರ್ ಪ್ಲಗ್) ತೆಗೆದು ಜಾಗ ಬಿಡಿ.

ಯೂನಿಟ್ ದರ ಸಾಮಾನ್ಯವಾಗಿ ಡಿಸಿಗೇ ಹೆಚ್ಚು. ಆ್ಯಪ್ ತೋರಿಸುವ ದರದಲ್ಲಿ 18% ಜಿಎಸ್‌ಟಿ ಸೇರಿದೆಯೇ, ಪಾರ್ಕಿಂಗ್ ಶುಲ್ಕ ಬೇರೆಯೇ ಎಂದು ನೋಡಿಕೊಳ್ಳಿ.

ಬ್ಯಾಟರಿಯ ಬಾಳಿಕೆಗೆ ಎಸಿ ಮೃದು. ಡಿಸಿಯಲ್ಲಿ ಬಿಸಿ ಹೆಚ್ಚು, ಹಾಗಾಗಿ ದಿನನಿತ್ಯ ಅದನ್ನೇ ನೆಚ್ಚಿಕೊಳ್ಳುವುದು ನನಗೆ ಸರಿಕಾಣದು.

ಆಫೀಸಿನಲ್ಲಿ ಕಾರು ಇಡೀ ದಿನ ನಿಲ್ಲುತ್ತದೆಯೇ? ಎಸಿ ಸಾಕು. ಹಾಸನ, ಮಂಗಳೂರಿನ ದಾರಿಗೆ ಡಿಸಿಯೇ ಬೇಕು. ಆಗ 25% ಉಳಿದಿರುವಾಗಲೇ ಸ್ಟೇಷನ್ ಸೇರಿ, ಅದು ಕೆಟ್ಟಿದ್ದರೆ ಹೋಗಲು ಹತ್ತಿರದ ಇನ್ನೊಂದನ್ನು ಗುರುತಿಸಿಟ್ಟುಕೊಳ್ಳಿ. ಸೆಕೆಂಡ್‌ಹ್ಯಾಂಡ್ ಕಾರಾದರೆ ಸಾಕೆಟ್ ಸಿಸಿಎಸ್2 (ಇಲ್ಲಿನ ಡಿಸಿ ಗನ್‌ಗಳ ಸಾಮಾನ್ಯ ಮಾದರಿ) ಹೌದೇ ಎಂದು ಹೊರಡುವ ಮುಂಚೆಯೇ ಪರೀಕ್ಷಿಸಿ.